ಬೀಡು ಬಾಣಲೆಯ ಪಿಜ್ಜಾ: ತಳ ಗರಿಗರಿ ಆಗುವ ಲೆಕ್ಕ

ಖಡಕ್ ರೊಟ್ಟಿ ಯಾಕೆ ಖಡಕ್? ಅದರಲ್ಲಿ ನೀರು ಉಳಿದಿರುವುದಿಲ್ಲ, ಅಷ್ಟೇ. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಅದೇ ರೊಟ್ಟಿ ಮೆತ್ತಗಾಗುತ್ತದೆ. ಕಲಬುರಗಿಯಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. ಪಿಜ್ಜಾದ ತಳಕ್ಕೂ ಇದೇ ಮಾತು. ನೀರು ಇರುವ ತನಕ ಹಿಟ್ಟು 100 ಡಿಗ್ರಿಗಿಂತ ಜಾಸ್ತಿ ಕಾಯುವುದಿಲ್ಲ. ಕಂದು ಬಣ್ಣ, ಹುರಿದ ವಾಸನೆ ಚೆನ್ನಾಗಿ ಬರುವುದು 140 ಡಿಗ್ರಿಯ ಆಚೆಗೆ. ಹಾಗಾಗಿ ತಳದ ನೀರು ಬೇಗ ಹೋಗಬೇಕು, ಒಳಗಿನದು ಉಳಿಯಬೇಕು. ಆರೇಳು ಪಿಜ್ಜಾ ಕೆಡಿಸಿ ನಾನು ಕಲಿತದ್ದು ಇಷ್ಟೇ.

ಮೊದಲು ಪಾತ್ರೆ. ಮನೆಯ ರೊಟ್ಟಿ ಹಂಚು ಬಹಳ ಸಲ ತೆಳು ಕಬ್ಬಿಣದ ತಗಡು. ಪಿಜ್ಜಾಕ್ಕೆ ಬೇಕಾದದ್ದು ಎರಕ ಹೊಯ್ದ ಬೀಡು ಕಬ್ಬಿಣದ, ಅಂಚು ಇರುವ, ತಳ ಚಪ್ಪಟೆಯಾದ ಬಾಣಲೆ. ಒಂದು ಕೈಯಲ್ಲಿ ಎತ್ತಿದರೆ ಮಣಿಕಟ್ಟು ನೋಯಬೇಕು. ಈ ಲೆಕ್ಕ 10 ಇಂಚಿನದಕ್ಕೆ.

ಮೈದಾ 200 ಗ್ರಾಂ, ನೀರು 135 ಗ್ರಾಂ, ಉಪ್ಪು 4 ಗ್ರಾಂ, ಇನ್‌ಸ್ಟಂಟ್ ಯೀಸ್ಟ್ 1 ಗ್ರಾಂ. ಯೀಸ್ಟ್ ಅಂದರೆ ಟೀ ಚಮಚದ ಮೂರನೇ ಒಂದು ಪಾಲು. ಕಲಸಿದಾಗ ಹಿಟ್ಟು ಕೈಗೆ ಅಂಟುತ್ತದೆ. ಅಂಟಲಿ, ಮೈದಾ ಉದುರಿಸಬೇಡಿ. ಜೋಳದ ಹಿಟ್ಟಿನಲ್ಲಿ ಗ್ಲುಟೆನ್ ಇಲ್ಲ. ಅದಕ್ಕೇ ಎಸರು ಹಾಕಿ, ಮೈಮುರಿದು ನಾದಬೇಕು. ಮೈದಾದಲ್ಲಿ ಗ್ಲುಟೆನ್ ಇದೆ. ನೀರು ತಾಗಿಸಿ ಸುಮ್ನೆ ಬಿಟ್ಟರೂ ಕೆಲವು ಗಂಟೆಯಲ್ಲಿ ತಾನೇ ಎಳೆ ಕಟ್ಟಿಕೊಳ್ಳುತ್ತದೆ.

ಪಿಜ್ಜಾ ಬರಹಗಳಲ್ಲಿ ಸಿಗುವ ‘ಹಿಟ್ಟನ್ನು ರಾತ್ರಿಯಿಡೀ ಹೊರಗಿಡಿ’ ಎನ್ನುವ ಸಲಹೆ 25 ಡಿಗ್ರಿ ಇರುವ ಊರಿನವರದು. ನಮ್ಮಲ್ಲಿ ಮೇ ತಿಂಗಳಲ್ಲಿ 40 ದಾಟುತ್ತದೆ, ರಾತ್ರಿಯೂ ಗೋಡೆ ಬಿಸಿ ಉಗುಳುತ್ತಿರುತ್ತದೆ. ಅಂಥ ಒಂದು ರಾತ್ರಿ ಇಟ್ಟ ನನ್ನ ಹಿಟ್ಟು ಬೆಳಗ್ಗೆ ಕಟ್ಟೆಯ ಮೇಲೆ ಹರಿದಿತ್ತು, ಹೆಂಡದ ವಾಸನೆ ಬೇರೆ. ಬೇಸಿಗೆಯಲ್ಲಿ ತಣ್ಣೀರಲ್ಲೇ ಕಲಸಿ, ಒಂದು ದಿನ ಫ್ರಿಜ್ಜಿನಲ್ಲಿಡಿ. ರುಚಿಯೂ ಹೆಚ್ಚುತ್ತದೆ.

ನಂತರ ಬಾಣಲೆಗೆ ಒಂದೂವರೆ ದೊಡ್ಡ ಚಮಚ ಎಣ್ಣೆ. ಶೇಂಗಾ ಎಣ್ಣೆ ಚೆನ್ನ. ಗಾಣದ ಕುಸುಬೆ ಎಣ್ಣೆ ಬೇಗ ಹೊಗೆಯಾಡುತ್ತದೆ, ಅದು ಚಟ್ನಿಗೇ ಇರಲಿ. ಎಣ್ಣೆ ಜಾಸ್ತಿ ಆಯ್ತು ಅನ್ನಿಸುತ್ತದೆ ಅಲ್ವಾ? ಆದರೆ ಹಿಟ್ಟಿಗೂ ಕಬ್ಬಿಣಕ್ಕೂ ನಡುವಿನ ಸಂದು ತುಂಬಿ ಶಾಖ ದಾಟಿಸುವುದು ಅದೇ. ತಳ ಬೇಯುವುದರ ಜೊತೆಗೆ ಕರಿಯುತ್ತದೆ. ಹಿಟ್ಟನ್ನು ಅದರಲ್ಲಿ ಹೊರಳಿಸಿ, ಅಂಚಿನವರೆಗೆ ಒತ್ತಿ. ಹಿಂದಕ್ಕೆ ಎಳೆದುಕೊಂಡರೆ ಹದಿನೈದು ನಿಮಿಷ ಬಿಟ್ಟು ಮತ್ತೆ ಒತ್ತಿ. ಒಂದು ಗಂಟೆ ಉಬ್ಬಲಿ.

ನಾನು ಜಾಸ್ತಿ ತಪ್ಪಿದ್ದು ಮುಂದಿನ ಹಂತದಲ್ಲಿ. ಓಟಿಜಿಯನ್ನು (ಮನೆಬಳಕೆಯ ಸಣ್ಣ ಕರೆಂಟ್ ಓವನ್) 250 ಡಿಗ್ರಿಗೆ ಕಾಯಿಸಿ ಒಳಗಿಟ್ಟರೆ ಮುಗಿಯಿತು ಅಂದುಕೊಂಡಿದ್ದೆ. ಮೇಲೆ ಚೀಸ್ ಕೆಂಪಾಗಿತ್ತು, ಕೆಳಗೆ ಮಾತ್ರ ಬಿಳಿ. ಅವ್ವ ನೋಡಿ, “ಹಂಚ ಕಾದಿಲ್ಲ, ಆಗ್ಲೇ ಯಾಕ ಹಾಕ್ದಿ?” ಅಂದಳು. ಅವಳು ಹೇಳಿದ್ದು ಸರಿ. ಆದರೆ ಹಿಟ್ಟು ಬಾಣಲೆಯಲ್ಲೇ ಉಬ್ಬುವುದರಿಂದ ಬಾಣಲೆಯನ್ನು ಮೊದಲೇ ಕಾಯಿಸುವಂತಿಲ್ಲ. ದಪ್ಪ ಕಬ್ಬಿಣ ಕಾಯಲು ಹೊತ್ತು ಹಿಡಿಯುತ್ತದೆ, ಅಷ್ಟರೊಳಗೆ ಮೇಲಿನದು ಬೆಂದಿರುತ್ತದೆ. ಒಮ್ಮೆ ನಡುವೆ ಕರೆಂಟ್ ಹೋಯಿತು. ಬೇರೆ ದಾರಿ ಇಲ್ಲದೆ ಬಾಣಲೆಯನ್ನು ಗ್ಯಾಸ್ ಮೇಲಿಟ್ಟೆ. ಮೂರು ನಿಮಿಷದಲ್ಲಿ ತಳ ಕರಕರ ಅಂದಿತು! ಅವತ್ತಿನಿಂದ ಇದೇ ನನ್ನ ಕ್ರಮ: ಟೊಮ್ಯಾಟೊ, ಚೀಸ್ ಹರಡಿ ಓಟಿಜಿಯ ಕೆಳಗಿನ ಹಂತದಲ್ಲಿ 12ರಿಂದ 15 ನಿಮಿಷ, ಆಮೇಲೆ ಮಧ್ಯಮ ಉರಿಯಲ್ಲಿ ಎರಡು ಮೂರು ನಿಮಿಷ. ಬೀಡು ಕಬ್ಬಿಣ ಶಾಖ ಹಿಡಿದಿಡುತ್ತದೆ, ಆದರೆ ಹರಡುವುದರಲ್ಲಿ ಅಲ್ಯೂಮಿನಿಯಂನ ಕಾಲುಪಾಲೂ ಇಲ್ಲ. ಹಾಗಾಗಿ ಬರ್ನರ್ ಮೇಲೆ ಬಾಣಲೆಯನ್ನು ಆಗಾಗ ತಿರುಗಿಸುತ್ತಿರಿ, ಇಲ್ಲದಿದ್ದರೆ ನಡುವೆ ಕರಕು ವೃತ್ತ ಬೀಳುತ್ತದೆ. ಚಪ್ಪಟೆ ಸಟ್ಟುಗದಿಂದ ಅಂಚೆತ್ತಿ ನೋಡಿ, ಗಡಿಯಾರವನ್ನು ನಂಬಬೇಡಿ.

ಓಟಿಜಿ ಇಲ್ಲವೇ? ಸಣ್ಣ ಉರಿಯಲ್ಲಿ ಮುಚ್ಚಳ ಹಾಕಿ ಬೇಯಿಸಬಹುದು. ಮುಚ್ಚಳದ ಹನಿ ಮಾತ್ರ ಒರೆಸುತ್ತಿರಿ. ಚೀಸ್ ಕರಗುತ್ತದೆ, ಕೆಂಪಾಗುವುದಿಲ್ಲ.

ಮೇಲಿನ ಸಾಮಾನಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಟೊಮ್ಯಾಟೊವನ್ನು ಬತ್ತಿಸಿ ಹಾಕಿ, ಹಸಿ ರಸ ತಳಕ್ಕಿಳಿದರೆ ಕೆಲಸ ಕೆಟ್ಟಿತು. ಪನೀರ್ ಕರಗುವುದಿಲ್ಲ, ಹುಳಿಯಿಂದ ಒಡೆಸಿದ ಹಾಲಿನ ಗುಣವೇ ಅದು. ನೀರಿನಂಶ ಕಡಿಮೆ ಇರುವ ಮೊಜರೆಲ್ಲಾ ತನ್ನಿ. ಅದನ್ನು ಬಾಣಲೆಯ ಅಂಚು ಮುಟ್ಟುವಂತೆ ಹರಡಿ. ಕಬ್ಬಿಣಕ್ಕೆ ತಾಗಿದ ಚೀಸ್ ಹುರಿದು ಸುತ್ತಲೂ ಕಂದು ಜಾಲರಿಯಾಗುತ್ತದೆ. ಅಮೆರಿಕದ ಡೆಟ್ರಾಯ್ಟ್‌ನಲ್ಲಿ 1946ರಿಂದ ಮಾಡುವ ಚೌಕ ಪಿಜ್ಜಾ ಹೆಸರುವಾಸಿಯಾದದ್ದೇ ಇಂಥ ಅಂಚಿನಿಂದ. ಅಲ್ಲಿ ಮೊದಲು ಬಳಸಿದ್ದು ಕಾರು ಕಾರ್ಖಾನೆಯ ಉಕ್ಕಿನ ತಟ್ಟೆಗಳು ಎನ್ನುತ್ತಾರೆ. ನಮ್ಮ ಮನೆಯಲ್ಲಿ ಮೇಲೆ ಶೇಂಗಾ ಹಿಂಡಿಯೂ (ಶೇಂಗಾ ಚಟ್ನಿ ಪುಡಿ) ಬೀಳುತ್ತದೆ, ಆದರೆ ಇಳಿಸಿದ ಮೇಲೆ. ಮೊದಲೇ ಹಾಕಿದರೆ ಸುಟ್ಟು ಕಹಿಯಾಗುತ್ತದೆ.

ಇಳಿಸಿದ ಕೂಡಲೇ ಪಿಜ್ಜಾವನ್ನು ಬಾಣಲೆಯಿಂದ ತೆಗೆದು ತಂತಿ ಜಾಲರಿಯ ಮೇಲಿಡಿ. ತಟ್ಟೆಯಲ್ಲಿಟ್ಟರೆ ಉಗಿ ಕೆಳಗೇ ಸಿಕ್ಕಿ, ಐದು ನಿಮಿಷದಲ್ಲಿ ತಳ ಮೆತ್ತಗಾಗುತ್ತದೆ. ಎಣ್ಣೆ ಸವರಿ ಕಾಯಿಸಿ ಬಾಣಲೆಯನ್ನು ಪಳಗಿಸಿದಾಗ ಕಟ್ಟಿದ ಕಪ್ಪು ಪದರವನ್ನು ಟೊಮ್ಯಾಟೊ ಹುಳಿ ತಿನ್ನುತ್ತದೆ. ಹಾಗಾಗಿ ಉಳಿದ ತುಂಡನ್ನು ಬಾಣಲೆಯಲ್ಲೇ ರಾತ್ರಿ ಬಿಡಬೇಡಿ. ತೊಳೆದು, ಒಲೆಯ ಮೇಲೆ ಒಣಗಿಸಿ, ಎಣ್ಣೆ ಒರೆಸಿ ಇಡಿ.