ಮೆಟ್ಟಿಲ ಕೆಳಗೇ ಉಳಿದ ತಮ್ಮ

ಜಪಾನಿನಲ್ಲಿ ತೊಕುಗಾವ ಮನೆತನದ ಆಳ್ವಿಕೆ ಶುರುಮಾಡಿದ ಮೊದಲ ಶೋಗನ್ (ಸೇನಾ ಆಡಳಿತಗಾರ), ಅಜ್ಜ ತೊಕುಗಾವ ಇಎಯಾಸು ಎದೊ (ಇಂದಿನ ಟೋಕಿಯೊ) ಕೋಟೆಗೆ ಬಂದಿದ್ದ. ದೊಡ್ಡ ಮೊಮ್ಮಗ ತಕೆಚಿಯೊನನ್ನು ಕರೆದು, ಎತ್ತರದ ಜಾಗದಲ್ಲಿ ತನ್ನ ಪಕ್ಕ ಕೂರಿಸಿಕೊಂಡ. ಚಿಕ್ಕವನೂ ಹತ್ತಲು ಹೋದ. ಅಜ್ಜ ತಡೆದ. ಅವನ ಪಾಲಿನ ಸಿಹಿತಿಂಡಿ ಅವನಿಗೆ ಕೆಳಗೇ ಸಿಕ್ಕಿತು.

ಇದು ಬಾಯಿಂದ ಬಾಯಿಗೆ ಬಂದ ಕಥೆ. ಆದರೆ ಹಿರಿಯ ಮಗನಿಗೇ ಪಟ್ಟ ಎಂಬ ತೀರ್ಮಾನ ಚರಿತ್ರೆ. ಆ ತೀರ್ಮಾನ ಅಷ್ಟು ಸಲೀಸಾಗಿ ಆಗಿರಲಿಲ್ಲ.

ಇಎಯಾಸುವಿನ ಮಗ, ಎರಡನೇ ಶೋಗನ್ ಹಿದೆತದ. ಅವನ ಹೆಂಡತಿಯ ಹೆಸರು ಗೋ. ಮಕ್ಕಳಲ್ಲಿ ತಕೆಚಿಯೊ ಹುಟ್ಟಿದ್ದು 1604ರಲ್ಲಿ, ತಮ್ಮ ತದನಾಗ 1606ರಲ್ಲಿ. ದೊಡ್ಡವನು ಕಾಯಿಲೆಯ ಹುಡುಗ, ಮಾತು ತೊದಲುತ್ತಿತ್ತು ಎನ್ನುತ್ತಾರೆ. ಚಿಕ್ಕವನು ಚುರುಕು. ಅಪ್ಪ ಅಮ್ಮನ ಮುದ್ದು ಅವನಿಗೇ ಜಾಸ್ತಿ. ದೊಡ್ಡವನನ್ನು ಸಾಕಿದವಳು ದಾದಿ ಫುಕು. ಇಲ್ಲೊಂದು ಹಳೇ ಗಾಯವೂ ಇತ್ತು. ತಾಯಿ ಗೋಳ ಸೋದರಮಾವ, ಆ ಕಾಲದ ದೊಡ್ಡ ಯುದ್ಧನಾಯಕ ಒದ ನೊಬುನಾಗ 1582ರಲ್ಲಿ ಸತ್ತದ್ದು ತನ್ನದೇ ಸೇನಾಪತಿ ಅಕೆಚಿ ಮಿತ್ಸುಹಿದೆಯ ದ್ರೋಹದಿಂದ. ಫುಕುವಿನ ಅಪ್ಪ ಆ ಮಿತ್ಸುಹಿದೆಯ ಸರದಾರ. ಈ ಇಬ್ಬರು ಹೆಂಗಸರೂ ಒಂದೇ ಕೋಟೆಯಲ್ಲಿ ಮಕ್ಕಳನ್ನು ಬೆಳೆಸಬೇಕಿತ್ತು!

ತೀರ್ಥಯಾತ್ರೆಯ ನೆಪ ಹೇಳಿ ಫುಕು ಸುನ್‌ಪುಗೆ ಹೋಗಿ, ಪಟ್ಟ ಬಿಟ್ಟು ಅಲ್ಲಿ ನೆಲೆಸಿದ್ದ ಇಎಯಾಸುವಿನ ಮುಂದೆ, ದೊಡ್ಡವನನ್ನು ಕಡೆಗಣಿಸುತ್ತಿದ್ದಾರೆ ಎಂದು ದೂರು ಹೇಳಿಕೊಂಡಳಂತೆ. ಮುದುಕನಿಗೆ ಇದರ ಅಪಾಯ ಚೆನ್ನಾಗಿ ಗೊತ್ತಿತ್ತು. ಅವನೇ ಎರಡನೇ ಮಗ ಹಿದೆಯಾಸುವನ್ನು ಬಿಟ್ಟು ಮೂರನೆಯವನಾದ ಹಿದೆತದನಿಗೆ ಪಟ್ಟ ಕಟ್ಟಿದ್ದ. ಪ್ರತಿ ತಲೆಮಾರಿನಲ್ಲೂ 'ಯಾರು ಯೋಗ್ಯ' ಎಂದು ಕೇಳುತ್ತ ಹೋದರೆ ಸರದಾರರು ಎರಡು ಗುಂಪಾಗುತ್ತಾರೆ, ಅಲ್ವಾ?

1623ರಲ್ಲಿ ತಕೆಚಿಯೊ ಇಎಮಿತ್ಸು ಎಂಬ ಹೆಸರಲ್ಲಿ ಶೋಗನ್ ಆದ. ತಮ್ಮ ತದನಾಗನಿಗೆ ಸಿಕ್ಕಿದ್ದೂ ಕಡಿಮೆಯೇನಲ್ಲ. 5,50,000 ಕೊಕು ಅಕ್ಕಿಯ ಸೀಮೆ, ಜೊತೆಗೆ ಅಜ್ಜನಿದ್ದ ಅದೇ ಸುನ್‌ಪು ಕೋಟೆ. ಕೊಕು ಅಕ್ಕಿಯ ಅಳತೆ; ಒಂದು ಕೊಕು ಎಂದರೆ ಸುಮಾರಾಗಿ ಒಬ್ಬನ ಒಂದು ವರ್ಷದ ಊಟ. ಆದರೆ 1626ರಲ್ಲಿ ತಾಯಿ ತೀರಿಕೊಂಡಳು. ಅವನ ನಡತೆ ಕೆಟ್ಟಿತು, ಸೇವಕರನ್ನು ಕೊಂದ ಎಂಬ ಆರೋಪ ಬಂತು. 1631ರಲ್ಲಿ ಅವನನ್ನು ಕಾಯ್ ಸೀಮೆಯಲ್ಲಿ ಕೂಡಿಹಾಕಿದರು. ಮರುವರ್ಷ ತಂದೆಯೂ ಹೋದ. ತದನಾಗನ ಸೀಮೆ ಕಿತ್ತುಕೊಂಡು ಅವನನ್ನು ತಕಸಾಕಿ ಎಂಬ ಊರಿಗೆ ಕಳಿಸಿದರು. ಅಲ್ಲೇ ಸೆಪ್ಪುಕು (ಹೊಟ್ಟೆ ಸೀಳಿಕೊಂಡು ಸಾಯುವುದು) ಮಾಡಿಕೊಂಡು ಸತ್ತಾಗ, ಹುಟ್ಟಿದ ವರ್ಷವನ್ನೇ ಒಂದು ಎಂದು ಎಣಿಸುವ ಜಪಾನಿನ ಹಳೇ ಲೆಕ್ಕದಲ್ಲಿ ಅವನಿಗೆ 28.

ತಪ್ಪು ಅವನದೂ ಇತ್ತು. ಆದರೂ ನನಗೆ ಅವನ ಬಗ್ಗೆ ಮರುಕವಾಗುತ್ತದೆ. ನೀನೇ ಮುಂದಿನವನು ಎಂಬಂತೆ ಮುದ್ದಿಸಿ ಬೆಳೆಸಿದವರು ದೊಡ್ಡವರೇ.

ಇಎಮಿತ್ಸುಗೆ ಇನ್ನೊಬ್ಬ ತಮ್ಮನಿದ್ದ, ಬೇರೆ ತಾಯಿಯ ಮಗ ಮಸಯುಕಿ. ಹಿದೆತದನ ಹೆಂಡತಿ ಗೋಗೆ ತಿಳಿಯದಂತೆ ಹೊಷಿನ ಮನೆತನದಲ್ಲಿ ಬೆಳೆದವನು. ಪಟ್ಟದ ಆಸೆ ಅವನಿಗೆ ಯಾರೂ ಹಚ್ಚಿರಲಿಲ್ಲ. 1643ರಲ್ಲಿ ಅಣ್ಣ ಅವನಿಗೆ ಐಜು ಸೀಮೆ ಕೊಟ್ಟ. 1651ರಲ್ಲಿ ಸಾಯುವಾಗ ತನ್ನ ಎಳೆಯ ಮಗ ಇಎತ್ಸುನನನ್ನು ಒಪ್ಪಿಸಿದ್ದೂ ಇದೇ ತಮ್ಮನ ಕೈಗೆ.