ಲುಸಿಂಡಾ ವಿಲಿಯಮ್ಸ್ ಆರು ವರ್ಷಕ್ಕೊಂದು ಆಲ್ಬಮ್ ಮಾಡ್ತಾರಾ? ಇಲ್ಲ ಕಣ್ರೀ!

ಪ್ರಶ್ನೆ: ಅಮೆರಿಕದ ಹಾಡುಗಾರ್ತಿ, ಹಾಡು ಬರೆಯೋ ಲುಸಿಂಡಾ ವಿಲಿಯಮ್ಸ್ ಭಾರಿ ಪರ್ಫೆಕ್ಷನಿಸ್ಟ್ ಅಂತೆ, ಒಂದೊಂದು ಆಲ್ಬಮ್‌ಗೂ ಆರೇಳು ವರ್ಷ ತಗೋತಾರಂತೆ, ನಿಜಾನಾ ಸರ್?

ಉತ್ತರ: ಇದು ಎಷ್ಟನೇ ಸಲವೋ ಲೆಕ್ಕ ಇಟ್ಟಿಲ್ಲ. ಹಾಡು ಕೇಳಿರೋರೂ ಇದನ್ನೇ ಕೇಳ್ತಾರೆ, ಕೇಳ್ದೇ ಇರೋರಂತೂ ಇದನ್ನ ಮಾತ್ರ ಕೇಳ್ತಾರೆ.

ಮೊದಲು ಲೆಕ್ಕ ನೋಡಿ. 1953ರಲ್ಲಿ ಲೂಸಿಯಾನಾದ ಲೇಕ್ ಚಾರ್ಲ್ಸ್‌ನಲ್ಲಿ ಹುಟ್ಟಿದ ಆಯಮ್ಮನ ಮೊದಲ ಆಲ್ಬಮ್ 1979ರಲ್ಲಿ ಬಂತು, ಅದ್ರಲ್ಲಿ ಪೂರ್ತಿ ಬೇರೆಯವರ ಹಾಡುಗಳೇ, ಮರುವರ್ಷವೇ ಸ್ವಂತ ಹಾಡುಗಳ ಎರಡನೇದು. ಒಂದೇ ವರ್ಷ! ಮೂರನೇದು ಮಾತ್ರ 1988ಕ್ಕೆ. ಆ ಎಂಟು ವರ್ಷ ಸ್ಟುಡಿಯೋದಲ್ಲಿ ಕೂತು ತಿದ್ದುತ್ತಾ ಇದ್ರಾ? ಹಾಡಿತ್ತು ಸ್ವಾಮಿ, ರೆಕಾರ್ಡ್ ಕಂಪನಿ ಇರ್ಲಿಲ್ಲ. ಲಾಸ್ ಏಂಜಲೀಸ್‌ನೋರು ಇದು ಜಾಸ್ತಿ ಕಂಟ್ರಿ (ಅಮೆರಿಕದ ಹಳ್ಳಿ ಕಡೆಯ ಸಂಗೀತ) ಆಯ್ತು ಅಂದ್ರು, ಕಂಟ್ರಿಯ ತವರಾದ ನ್ಯಾಶ್‌ವಿಲ್‌ನೋರು ಜಾಸ್ತಿ ರಾಕ್ ಆಯ್ತು ಅಂದ್ರು, ಕೊನೆಗೆ ಕೈ ಹಿಡಿದಿದ್ದು ಪಂಕ್ ಹಾಡುಗಳಿಗೆ ಹೆಸರಾದ ಇಂಗ್ಲೆಂಡಿನ ರಫ್ ಟ್ರೇಡ್ ಕಂಪನಿ. ಅದೂ ಮುಳುಗಿತು. 1992ರ ಆಲ್ಬಮ್ ತಂದ ಕಮೀಲಿಯನ್ ಕಂಪನಿಯೂ ಬಾಗಿಲು ಹಾಕ್ತು. ಇದೆಲ್ಲ ಆಯಮ್ಮನ ನಿಧಾನವಾ?

ಸರಿ, ಈ ಮಾತು ಹುಟ್ಟಿದ್ದೆಲ್ಲಿ ಅಂದ್ರೆ 1998ರ ‘ಕಾರ್ ವೀಲ್ಸ್ ಆನ್ ಎ ಗ್ರಾವೆಲ್ ರೋಡ್’ ಆಲ್ಬಮ್‌ನಲ್ಲಿ. ಆಸ್ಟಿನ್‌ನಲ್ಲಿ ರೆಕಾರ್ಡ್ ಮಾಡಿದ್ದು ಮನಸ್ಸಿಗೆ ಹಿಡಿಸ್ದೆ ನ್ಯಾಶ್‌ವಿಲ್‌ನಲ್ಲಿ ಗಾಯಕ, ನಿರ್ಮಾಪಕ ಸ್ಟೀವ್ ಅರ್ಲ್ ಜೊತೆ ಮತ್ತೆ ಮಾಡಿದ್ರು, ಅಲ್ಲಿಂದ ಲಾಸ್ ಏಂಜಲೀಸ್‌ಗೆ ಹೋಗಿ ಕೀಬೋರ್ಡ್ ವಾದಕ, ನಿರ್ಮಾಪಕ ರಾಯ್ ಬಿಟಾನ್ ಜೊತೆ ಮುಗಿಸಿದ್ರು, ಈ ಗಲಾಟೇಲಿ ವರ್ಷಗಟ್ಲೆ ಜೊತೆಗಿದ್ದ ಗಿಟಾರಿಸ್ಟ್ ಗರ್ಫ್ ಮಾರ್ಲಿಕ್ಸ್ ಬಿಟ್ಟೇ ಹೋದ್ರು. ಇಷ್ಟು ನಿಜ, ಒಪ್ಕೋತೀನಿ. ಆದ್ರೆ ಅದ್ರ ಮೇಲೆ ಕಂಪನಿ ವ್ಯವಹಾರದ ತೊಡಕು ಬೇರೆ, ಕೊನೆಗೆ ಮರ್ಕ್ಯುರಿ ಕಂಪನಿಯೋರು ಬಿಡುಗಡೆ ಮಾಡಿದ್ರು. ಗಂಡಸರು ಹೀಗೆ ಹಠ ಹಿಡಿದ್ರೆ ಜೀನಿಯಸ್, ಹೆಂಗಸಾದ್ರೆ ‘ತುಂಬಾ ಕಷ್ಟ ಅವ್ರ ಜೊತೆ’, ಅದನ್ನ ಬೇರೆ ಹೇಳ್ಬೇಕಾ?

ಇನ್ನು 2001ರಿಂದ 2020ರವರೆಗೆ ಎಣಿಸಿ: ಒಂಬತ್ತು ಸ್ಟುಡಿಯೋ ಆಲ್ಬಮ್, ಅದ್ರಲ್ಲಿ 2014, 2016ರವು ಎರಡೂ ಡಬಲ್, ಅಂದ್ರೆ ಎರಡೆರಡು ಡಿಸ್ಕಿನವು. ಇದು ನಿಧಾನ ಆದ್ರೆ ನಂಗೆ ಗಣಿತ ಬರಲ್ಲ.

ಅಂದಹಾಗೆ ಆ ‘ಜಾಸ್ತಿ ಕಂಟ್ರಿ, ಜಾಸ್ತಿ ರಾಕ್’ ಅಂದೋರಿಗೆ ಒಂದು ವಿಷಯ: ಆಯಮ್ಮನ ಮೂರು ಗ್ರ್ಯಾಮಿ ಬಂದಿರೋದು ಕಂಟ್ರಿ, ಫೋಕ್, ರಾಕ್ ಮೂರೂ ವಿಭಾಗದಲ್ಲಿ ಒಂದೊಂದು. ಕಂಟ್ರಿದು ಬಂದಿದ್ದು ‘ಪ್ಯಾಶನೇಟ್ ಕಿಸಸ್’ ಬರೆದದ್ದಕ್ಕೆ, ಅದನ್ನ ಹಾಡಿ ಹಿಟ್ ಮಾಡಿದ್ದು ಗಾಯಕಿ ಮೇರಿ ಚೇಪಿನ್ ಕಾರ್ಪೆಂಟರ್.

ಅಪ್ಪ ಮಿಲ್ಲರ್ ವಿಲಿಯಮ್ಸ್ ಕವಿ, 1997ರಲ್ಲಿ ಅಮೆರಿಕದ ಅಧ್ಯಕ್ಷ ಕ್ಲಿಂಟನ್ ಪ್ರಮಾಣವಚನದಲ್ಲಿ ಕವಿತೆ ಓದಿದೋರು. ಅವ್ರ ‘ಕಂಪ್ಯಾಶನ್’ ಕವಿತೆಗೆ ಮಗಳು ರಾಗ ಹಾಕಿ 2014ರ ಆಲ್ಬಮ್ ಶುರು ಮಾಡಿದ್ರು, ಆಲ್ಬಮ್ ಹೆಸರೂ ಅದೇ ಕವಿತೆಯ ಸಾಲು. ಭಾವಗೀತೆ ಕೇಳಿ ಬೆಳೆದ ನಮಗೆ ಇದೇನು ಹೊಸದಲ್ಲ ಬಿಡಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ. 2020ರ ನವೆಂಬರ್‌ನಲ್ಲಿ ಸ್ಟ್ರೋಕ್ ಆಗಿ ಮೈಯ ಎಡಭಾಗಕ್ಕೆ ಹೊಡೀತು, ಗಿಟಾರ್ ಮೊದಲಿನ ಥರ ಹಿಡಿಯೋಕಾಗ್ಲಿಲ್ಲ, ಎಡಗೈ ಬೆರಳಲ್ಲೇ ತಾನೇ ತಂತಿ ಒತ್ತೋದು. ಹಾಡಿಗೆ ಮಾತ್ರ ಏನೂ ಆಗ್ಲಿಲ್ಲ, ಬ್ಯಾಂಡ್ ನುಡಿಸುತ್ತೆ, ಇವ್ರು ಹಾಡ್ತಾರೆ. ಗಂಡ ಟಾಮ್ ಓವರ್ಬಿ, ಗಾಯಕ ಜೆಸ್ಸಿ ಮಾಲಿನ್ ಜೊತೆ ಸೇರಿ ಹಾಡು ಬರೆದು 2023ರಲ್ಲಿ ಹೊಸ ಆಲ್ಬಮ್ ತಂದ್ರು. ಇನ್ನು ಅದ್ಯಾಕೆ ಮೂರು ವರ್ಷ ಗ್ಯಾಪ್ ಅಂತ ಮೆಸೇಜ್ ಹಾಕ್ಬೇಡಿ.