ಕಾರ್ಯಭಾರದ ಪಟ್ಟಿಗೆ ಸಿಗದ ಗಂಟೆಗಳು: ಎಂಎಸ್‌ಡಬ್ಲ್ಯೂ ಬೋಧಕರ ಲೆಕ್ಕ ತಪ್ಪಿದ್ದೆಲ್ಲಿ?

ಬಳ್ಳಾರಿ, ರಾಯಚೂರು, ಕೊಪ್ಪಳದ ಸಮಾಜಕಾರ್ಯ ಸ್ನಾತಕೋತ್ತರ ಪದವಿಯ (ಎಂಎಸ್‌ಡಬ್ಲ್ಯೂ) ಬೋಧಕರನ್ನು ಕೇಳಿದರೆ ಉಸಿರಾಡಲೂ ಪುರುಸೊತ್ತಿಲ್ಲ ಎನ್ನುತ್ತಾರೆ. ಕಾರ್ಯಭಾರದ ಪಟ್ಟಿ ತೆಗೆದರೆ ವಾರಕ್ಕೆ 16 ಗಂಟೆ. ಇಷ್ಟಕ್ಕೇ ಹೊರೆಯೇ ಎಂದು ಕಡತ ನೋಡುವವರು ಕೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ತೊಡಕಿರುವುದು ಗಂಟೆ ಎಣಿಸುವ ಬಗೆಯಲ್ಲಿ.

ದೇಶದ ಮೊದಲ ಸಮಾಜಕಾರ್ಯ ಶಾಲೆ 1936ರಲ್ಲಿ ಮುಂಬೈನಲ್ಲಿ ಆರಂಭವಾಯಿತು. ಈ ಭಾಗಕ್ಕೆ ವಿಶ್ವವಿದ್ಯಾಲಯಗಳೇ ತಡವಾಗಿ ಬಂದವು: 1980ರಲ್ಲಿ ಗುಲ್ಬರ್ಗ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿವಿ, ಈಚಿನ ಐದಾರು ವರ್ಷಗಳಲ್ಲಿ ರಾಯಚೂರು ಮತ್ತು ಕೊಪ್ಪಳ. ಬೋರ್ಡು ಬಂದಷ್ಟು ಬೇಗ ಕಾಯಂ ಹುದ್ದೆ ಬರಲಿಲ್ಲ.

ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2010ರ ನಿಯಮಾವಳಿಯಾಗಲಿ 2018ರದ್ದಾಗಲಿ ಹೇಳುವುದು ವಾರದ ನೇರ ಬೋಧನೆಯ ಗಂಟೆಗಳನ್ನು: ಸಹಾಯಕ ಪ್ರಾಧ್ಯಾಪಕರಿಗೆ 16, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಪಾಠವೇ ಮುಖ್ಯವಾದ ವಿಷಯಗಳಿಗೆ ಇದು ಹೊಂದುತ್ತದೆ. ಕ್ಷೇತ್ರಕಾರ್ಯ ಇರುವ ಎಂಎಸ್‌ಡಬ್ಲ್ಯೂಗೆ ಹೊಂದುವುದಿಲ್ಲ.

ವಿದ್ಯಾರ್ಥಿ ವಾರದಲ್ಲಿ ಎರಡು ದಿನ, ಸುಮಾರು 15 ಗಂಟೆ ಏಜೆನ್ಸಿಯಲ್ಲಿ, ಅಂದರೆ ಕ್ಷೇತ್ರಕಾರ್ಯಕ್ಕೆ ಗೊತ್ತುಮಾಡಿದ ಜಾಗದಲ್ಲಿರಬೇಕು. ದೌರ್ಜನ್ಯಕ್ಕೊಳಗಾದ ಮಹಿಳೆಯರಿಗೆ ನೆರವಾಗುವ ಸಖಿ ಕೇಂದ್ರ, ಮಕ್ಕಳ ರಕ್ಷಣಾ ಘಟಕ, ಆಸ್ಪತ್ರೆ, ತೋರಣಗಲ್ಲಿನ ಕಾರ್ಖಾನೆಯ ಎಚ್‌ಆರ್ ವಿಭಾಗ, ಇಲ್ಲವೇ ಒಂದು ಹಳ್ಳಿ. ಒಬ್ಬ ಬೋಧಕರಿಗೆ 12 ಮಂದಿ ಹಂಚಿಕೆಯಾಗಿದ್ದಾರೆ ಎನ್ನಿ. ಒಬ್ಬೊಬ್ಬರೊಂದಿಗೆ ಅರ್ಧ ಗಂಟೆ ಐಸಿ, ಅಂದರೆ ವೈಯಕ್ತಿಕ ಚರ್ಚೆ: 6 ಗಂಟೆ. ಅವರ ಎಂಟು-ಹತ್ತು ಪುಟದ ಕ್ಷೇತ್ರಕಾರ್ಯ ವರದಿ ಓದಿ ಅಂಚಿನಲ್ಲಿ ಷರಾ ಬರೆಯಲು ತಲಾ 20 ನಿಮಿಷ: 4 ಗಂಟೆ. ಗುಂಪು ಚರ್ಚೆಗೆ 1 ಗಂಟೆ. ವಾರಕ್ಕೆ ಒಂದೇ ಏಜೆನ್ಸಿ ಭೇಟಿ ಎಂದರೂ ದೇವದುರ್ಗಕ್ಕೋ ಸಿರುಗುಪ್ಪಕ್ಕೋ ಬಸ್ಸಿನಲ್ಲಿ ಹೋಗಿಬರಲು 4–5 ಗಂಟೆ. ಅಲ್ಲಿಗೆ 15–16 ಗಂಟೆ, ಹೆಚ್ಚುಕಮ್ಮಿ ಪಾಠದಷ್ಟೇ. ಗ್ರಾಮೀಣ ಶಿಬಿರ, ಬ್ಲಾಕ್ ಪ್ಲೇಸ್‌ಮೆಂಟು (ಕೆಲವು ವಾರ ಸತತವಾಗಿ ಏಜೆನ್ಸಿಯಲ್ಲೇ ಕೆಲಸ), ಪ್ರಬಂಧದ ಮಾರ್ಗದರ್ಶನ ಇದರಲ್ಲಿ ಸೇರಿಲ್ಲ.

ಪಟ್ಟಿಯಲ್ಲಿ ಇದು ಪ್ರಾಕ್ಟಿಕಲ್ ಸಾಲಿಗೆ ಹೋಗುತ್ತದೆ. ಪ್ರಾಕ್ಟಿಕಲ್ ಎಂದರೆ ಲ್ಯಾಬು, ಒಂದು ಕೋಣೆ, ಎಲ್ಲರಿಗೂ ಒಟ್ಟಿಗೆ ಎಂಬ ಗ್ರಹಿಕೆ. ಹನ್ನೆರಡು ಐಸಿಗಳು ಅಲ್ಲಿ ಒಂದು ಬ್ಯಾಚಿನ ಕೆಲವೇ ಗಂಟೆಗಳಾಗುತ್ತವೆ. ಏಜೆನ್ಸಿಗೆ ಹೋದ ದಿನ ಬಯೋಮೆಟ್ರಿಕ್ ಹಾಜರಾತಿ ಗೈರು ತೋರಿಸುತ್ತದೆ. ಕರ್ತವ್ಯದ ಮೇಲೆ ಹೊರಗಿದ್ದೆ ಎಂಬ ಓಓಡಿ ಪತ್ರ ಬರೆದು ಸರಿಪಡಿಸಿಕೊಳ್ಳಬೇಕು. ಸಖಿ ಕೇಂದ್ರದಲ್ಲಿ ಪೋಕ್ಸೊ ಪ್ರಕರಣದ ಬಾಲಕಿಯ ಪಕ್ಕ ಕೂತುಬಂದ ವಿದ್ಯಾರ್ಥಿನಿ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿದರೆ ಅದಕ್ಕೆ ಕಾಲಮ್ಮೇ ಇಲ್ಲ.

ಇನ್ನು ಇಲ್ಲಿಯದೇ ಒಂದು ತಾಪತ್ರಯ. ಸುಗ್ಗಿ ಮುಗಿಯುತ್ತಿದ್ದಂತೆ ಎಷ್ಟೋ ಹಳ್ಳಿಯ ಅರ್ಧ ಮನೆಗಳಿಗೆ ಬೀಗ ಬೀಳುತ್ತದೆ, ಜನ ಗುಳೆ ಹೋಗಿರುತ್ತಾರೆ. ಸಮುದಾಯ ಸಂಘಟನೆಯ ಪ್ಲೇಸ್‌ಮೆಂಟು ಸೆಮಿಸ್ಟರಿನ ನಡುವೆಯೇ ಬದಲಾಗಬೇಕು: ಹೊಸ ಏಜೆನ್ಸಿಗೆ ಪತ್ರ, ಒಪ್ಪಿಗೆ, ಪರಿಚಯ ಭೇಟಿ, ಎಲ್ಲ ಮೊದಲಿನಿಂದ.

ಹೊರೆ ಮೀರಿದಾಗ ಮೊದಲು ಬಿಟ್ಟುಹೋಗುವುದು ಏಜೆನ್ಸಿ ಭೇಟಿ. ಆಮೇಲೆ ಐಸಿ ಗುಂಪು ಚರ್ಚೆಯಲ್ಲೇ ಮುಗಿದುಹೋಗುತ್ತದೆ. ಓದುವವರಿಲ್ಲ ಎಂದು ಗೊತ್ತಾದ ಮೇಲೆ ಹಿಂದಿನ ವರ್ಷದ ವರದಿಯೇ ದಿನಾಂಕ ಬದಲಿಸಿಕೊಂಡು ಬರುತ್ತದೆ. ಹುಡುಗರನ್ನು ಬೈದು ಪ್ರಯೋಜನವಿಲ್ಲ.

2013ರಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂದಾಗ ಹುದ್ದೆ ತುಂಬುತ್ತವೆ ಎಂಬ ನಿರೀಕ್ಷೆ ಇತ್ತು. ಆದರೆ ತುಂಬುವ ಮುನ್ನ ಹುದ್ದೆ ಮಂಜೂರಾಗಬೇಕು, ಮಂಜೂರಾತಿಗೆ ಕೇಳುವುದು ಅದೇ ಕಾರ್ಯಭಾರದ ಪಟ್ಟಿಯನ್ನು. ಪಟ್ಟಿಯಲ್ಲಿ ಗಂಟೆ ಕಡಿಮೆ ಕಂಡರೆ ಹುದ್ದೆಯೂ ಕಡಿಮೆ. ಉಳಿದದ್ದು ಅತಿಥಿ ಉಪನ್ಯಾಸಕರ ಪಾಲು. ಸರ್ಕಾರಿ ಪದವಿ ಕಾಲೇಜುಗಳಲ್ಲಿ 2022ರ ಜನವರಿಯಲ್ಲಿ ಅವರ ಗೌರವಧನ 11–13 ಸಾವಿರದಿಂದ 26–32 ಸಾವಿರಕ್ಕೆ ಏರಿತು, ಜತೆಗೆ ವಾರದ ಕಾರ್ಯಭಾರವೂ 15 ಗಂಟೆಗೆ ಏರಿತು. ಹಂಚಿಕೊಂಡು ಮಾಡುತ್ತಿದ್ದ ಕೆಲಸ ಒಬ್ಬರಿಗೆ ಸೇರಿ, ಹಲವರು ಹೊರಗುಳಿದರು. ಧರಣಿಯ ನಂತರ 2024ರಲ್ಲಿ ಮತ್ತೆ 5ರಿಂದ 8 ಸಾವಿರ ಹೆಚ್ಚಳವಾಯಿತು. ವಿವಿಗಳ ಸ್ನಾತಕೋತ್ತರ ವಿಭಾಗಗಳ ಅತಿಥಿಗಳ ಲೆಕ್ಕ ಬೇರೆ: ಅಲ್ಲಿ ಆಯಾ ವಿವಿಯ ಬೊಕ್ಕಸ ನೋಡಿಕೊಂಡೇ ಕೊಡುವುದು. ಕ್ಷೇತ್ರ ಭೇಟಿಯ ಬಸ್ ಚಾರ್ಜು ಸಾಮಾನ್ಯವಾಗಿ ಕೈಯಿಂದಲೇ.

ಈ ನಡುವೆ 2021ರ ರಾಷ್ಟ್ರೀಯ ಶಿಕ್ಷಣ ನೀತಿಯ (ಎನ್‌ಇಪಿ) ಪಠ್ಯಕ್ರಮ 2024ರಲ್ಲಿ ಹಿಂದೆ ಸರಿದು, ಸಮಾಜಕಾರ್ಯದ ಪದವಿ ಕೋರ್ಸಾದ ಬಿಎಸ್‌ಡಬ್ಲ್ಯೂ ಕೂಡ ಕಲಿಸುವವರಿಗೆ ಏಕಕಾಲಕ್ಕೆ ಎರಡು ಪಠ್ಯಕ್ರಮ ಬಂದವು. ವಿವಿ-ಕಾಲೇಜುಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿ ಆಂತರಿಕ ಅಂಕ ತುಂಬುವ ಕೆಲಸ ಇದ್ದೇ ಇದೆ.

ಪಕ್ಕದ ವೃತ್ತಿಗಳನ್ನು ನೋಡಿ. ನರ್ಸಿಂಗ್‌ಗೆ ಭಾರತೀಯ ಶುಶ್ರೂಷಾ ಪರಿಷತ್ತು ಹತ್ತು ವಿದ್ಯಾರ್ಥಿಗೆ ಒಬ್ಬ ಬೋಧಕರೆಂದು ನಿಗದಿ ಮಾಡಿದೆ. ವರ್ಷಕ್ಕೆ 100 ಮಂದಿಯನ್ನು ಸೇರಿಸಿಕೊಳ್ಳುವ ಬಿಎಡ್‌ಗೆ ರಾಷ್ಟ್ರೀಯ ಶಿಕ್ಷಕರ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ 16 ಬೋಧಕರನ್ನು ಹೇಳಿತು. ಅವು ಎಲ್ಲೆಡೆ ಪಾಲನೆಯಾಗುತ್ತವೆ ಎಂದಲ್ಲ, ತೋರಿಸಿ ಕೇಳಲು ಒಂದು ಸಂಖ್ಯೆಯಾದರೂ ಇದೆ. ಸಮಾಜಕಾರ್ಯಕ್ಕೆ ಅಂಥ ಶಾಸನಬದ್ಧ ಪರಿಷತ್ತೇ ಇಲ್ಲ. 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ಒಳಗೆ ತಂದಿತು. ಗುಳೆ ಹೋಗುವ ಹಳ್ಳಿಯಲ್ಲಿ ಸಮುದಾಯ ಸಂಘಟನೆ ಕಲಿಸುವವರ ಗಂಟೆಗಳನ್ನು ಎಣಿಸುವುದು ಈಗಲೂ ವಿಭಾಗದ ಮುಖ್ಯಸ್ಥರ ವಿವೇಚನೆಗೆ ಬಿಟ್ಟದ್ದು.